ಶ್ರೀಕಾರದೊಳಗೆ ಸಿಕ್ಕಿಕೊಂಡ ಅವ್ವನ ಪದ

ನನಗಾಗ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ತಿಳವಳ್ಳಿಯಲ್ಲಿ ತಮ್ಮನ ಮಗಳ ಮದುವೆ. ಮದುವೆಗೆಂದು ನಾವು ಬಂದ ಮರುದಿನ ಬೆಳಿಗ್ಗೆ ಅರಿಷಿಣ ಬೀಸುವುದಿತ್ತು. ಬೀಸುವಾಗ ನಮ್ಮವ್ವನ ಪದವನ್ನೇ ಹಾಡಬೇಕು. ಒಬ್ಬಳು ಎತ್ತಬೇಕು, ಉಳಿದವರು ಹಿಂದೆ ಅನ್ನಬೇಕು. ಅವ್ವ ಸತ್ತ ಮೇಲೆ ಇದೇ ಮೊದಲ ಮದುವೆ. ಎತ್ತುವವಳು ನಾನೋ, ಹಿರೇಬೆಂಡಿಗೇರಿಗೆ ಕೊಟ್ಟ ನನ್ನ ಅಕ್ಕನೋ? ಈ ಸಲ ಎತ್ತಿದವಳೇ ಮುಂದಿನ ಎಲ್ಲ ಮದುವೆಗೂ. ಅದಕ್ಕೇ ಇಬ್ಬರಿಗೂ ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಪದದಲ್ಲಿ ಗಣಪತಿಯ ನುಡಿ ಮುಗಿದ ಮೇಲೆ ತವರನ್ನು ಹೊಗಳುವ ನುಡಿ ಮೊದಲು ಅಂತ ನಾನು. ಗಂಡನ ಮನೆಯ ನುಡಿ ಮೊದಲು ಅಂತ ಅಕ್ಕ.

"ಅವ್ವ ಹಾಡೂವಾಗ ನೀ ಗೊರಕಿ ಹೊಡೀತಿದ್ದಿ," ಎಂದಳು.

"ನೀ ಎಚ್ಚರಿದ್ದಿ ಖರೆ, ಲಕ್ಷ್ಯ ಎಲ್ಲಾ ಹೂರಣದ ಪಾತೇಲಿ ಮ್ಯಾಲಿತ್ತು," ಎಂದೆ.

ತಮ್ಮ ನಡುವೆ ಬಂದ. ಅವ್ವ ಹಾಡಿದ್ದನ್ನು ಅವನು ಫೋನಿನಲ್ಲಿ ಹಿಡಿದು ಪೆನ್‌ಡ್ರೈವಿಗೆ ಹಾಕಿಟ್ಟಿದ್ದ. ಅವ್ವನ ದನಿಯಲ್ಲಿ ಯಾರ ನುಡಿ ಮೊದಲು ಬರುತ್ತದೋ ಅವಳು ಎತ್ತಲಿ ಎಂದ. ಒಪ್ಪಿದೆವು. ಟೀವಿಗೆ ಚುಚ್ಚಿದರೆ, ಇದರಲ್ಲಿ ಏನೂ ಇಲ್ಲ ಅಂದಿತು ಟೀವಿ.

ಮೂವರೂ ಬಸ್ಸು ಹತ್ತಿ ಹಾನಗಲ್ಲಿಗೆ ಹೋದೆವು. ಮದುವೆಯ ಕಾರ್ಡು ಮಾಡಿಕೊಟ್ಟಿದ್ದ ಅಂಗಡಿಯ ಹೆಣ್ಣುಮಗಳು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಿ ನೋಡಿ ನಕ್ಕಳು.

"ಕಾಕಾರ, ಎಲ್ಲಾದಕ್ಕೂ ಶ್ರೀ ಅಂತನ ಹೆಸರಿಟ್ಟೀರಲ್ರಿ! ಶ್ರೀ ಒಂದು, ಶ್ರೀ ಎರಡು... ಹೆಸರಿನ ಹಿಂದ ಚುಕ್ಕಿ ಇಟ್ಟು ಒಂದು ಬಾಲ ಇರ್ತೈತಿ. ಇದು ಹಾಡೋ ಫೋಟೋನೋ ಅಂತ ಅದರ ಮ್ಯಾಲೆ ಗೊತ್ತಾಗ್ತೈತಿ. ಬಾಲ ಎಲ್ಲಿ ಹೋತ್ರಿ?"

"ನಾನ ಅಳಿಸೇನ್ರಿ. ಶ್ರೀಕಾರಕ್ಕ ಬಾಲ ಹಚ್ಚಿದ್ರ ಚಲೋ ಕಾಣ್ತೈತೇನ್ರಿ?"

ಕಿರಾಣಿ ಚೀಟಿಯ ಮೇಲೂ ಶ್ರೀ ಬರೆದು ಆಮೇಲೆ ಬೆಲ್ಲ ಬರೆಯುವ ಮನುಷ್ಯ ನನ್ನ ತಮ್ಮ.

ಆಕೆ ಒಂದು ಕರಿ ಪರದೆ ತೆರೆದು ಏನೋ ಕುಟ್ಟಿದಳು. "ಇಲ್ಲಿ ಫೈಲ್ ಅಂತ ಹೊಡದ್ರ ಸಾಕ್ರಿ ಅವ್ವಾರ. ಹೊರಗಿನ ಹೆಸರು ನಂಬೂದಿಲ್ಲ ಇದು. ಒಳಗಿನ ಸುರುವಾತಿನ ಅಕ್ಷರ ಓದಿ ಇದು ಚಿತ್ರ, ಇದು ದನಿ ಅಂತ ಹೇಳ್ತೈತಿ."

ಇದೇನು ಹೊಸದೇ? ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಸಾಸಿವೆ, ಪೇಂಟಿನ ಡಬ್ಬಿಯಲ್ಲಿ ಜೋಳದ ಹಿಟ್ಟು. ಮುಚ್ಚಳ ತೆಗೆದು ಮೂಗು ಹಚ್ಚಬೇಕು. ಹೊರಗಿನದನ್ನು ಓದಿಕೊಂಡು ಅಡುಗೆಗೆ ನಿಂತವರು ಉಪವಾಸ ಬೀಳುತ್ತಾರೆ.

"ಹಂಗಾದ್ರ ಅದನ್ನ ನಮ್ಮಕ್ಕನ ತಲಿಗೂ ಹಚ್ಚವ್ವಾ, ಒಳಗ ಏನರ ಐತೇನು ನೋಡೂಣು," ಎಂದೆ.

"ಮೊದಲ ಈಕಿ ಬಾಯಿಗೆ ಹಚ್ಚು. ಮಿಷನ್ ಸುಟ್ಟು ಹೊಕ್ಕೈತಿ," ಎಂದಳು ಅಕ್ಕ.

ಶ್ರೀ ಒಂದು ಚಿತ್ರ ಅಂದಿತು ಪರದೆ. ಬಾಲ ಹಚ್ಚಿ ತೆರೆದರೆ ತಮ್ಮನ ಎಮ್ಮೆ. ಶ್ರೀ ಎರಡೂ ಚಿತ್ರವೇ. ಅದೇ ಎಮ್ಮೆ, ಹಿಂದಿನಿಂದ. ಶ್ರೀ ಮೂರು ದನಿ ಅಂದಿತು. ಅಕ್ಕ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದಳು. ಅಂಗಡಿಯಾಕೆ ಬಾಲ ಹಚ್ಚುವಾಗ ತಮ್ಮ ಕಣ್ಣು ಮುಚ್ಚಿ ಕೈ ಮುಗಿದ.

ಅವ್ವ ಕೆಮ್ಮಿದಳು. ಗಣಪತಿಯ ನುಡಿ ಹಾಡಿದಳು. ಆಮೇಲೆ ನಿಂತಳು.

"ಮುಂದಿಂದು ಮರತೇನಿ. ತವರೋ, ಗಂಡನ ಮನಿಯೋ... ಯಾವುದಾರ ಹಾಡ್ರಿ. ಯಾರು ಮೊದಲ ಬಾಯಿ ತಗೀತಾರೋ ಅವರದ ಖರೆ. ಏ, ಬಂದ್ ಮಾಡದನ್ನ! ಎಮ್ಮಿ ಹಿಂಡೂದೈತಿ."

ಅಷ್ಟೇ. ಉಳಿದ ಶ್ರೀಗಳೆಲ್ಲ ಎಮ್ಮೆಗಳೇ.

ಬಸ್ಸಿನಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ಅಳೆಯುತ್ತ ಕುಂತೆವು. ತಮ್ಮ ಮಾತ್ರ, "ನ್ಯಾಯ ಮುಗೀತಲ್ಲ, ಸಮಾಧಾನ ಆತು," ಎಂದ. ಗಂಡಸರಿಗೆ ಏನು ತಿಳಿಯುತ್ತದೆ?

ಮರುದಿನ ಬೆಳಿಗ್ಗೆ ಅಕ್ಕ ಬಾಯಿ ತುಂಬ ಹಲ್ಲುಪುಡಿ ಹಾಕಿಕೊಂಡು ಬಚ್ಚಲ ಮುಂದೆ ನಿಂತಿದ್ದಳು. ನಾನು ಹಲ್ಲನ್ನೂ ಉಜ್ಜಲಿಲ್ಲ, ತಲೆಯನ್ನೂ ಬಾಚಲಿಲ್ಲ. ಸೀದಾ ಹೋಗಿ ಬೀಸುವ ಕಲ್ಲಿನ ಮುಂದೆ ಕುಂತು, ಗಣಪತಿಗೊಂದು ನುಡಿ ಒಗೆದು, ತವರಿನ ನುಡಿ ಎತ್ತಿಬಿಟ್ಟೆ.