ಬದುವಿನ ಬಾಣಂತಿ

ಎಂಬತ್ತರ ದಶಕ. ನಾನು ಬೇಡಕಿಹಾಳಕ್ಕೆ ಸೊಸೆಯಾಗಿ ಬಂದ ಹೊಸತು. ಕಬ್ಬಿಗೆ ನೀರು ಹಾಯಿಸುವ ನಮ್ಮ ಪಾಳಿಯ ದಿನವೇ, ಬದುವಿನಲ್ಲಿ ಏಡಿ ಕೊರೆದ ಬಿಲದಿಂದ ನೀರೆಲ್ಲ ಪಕ್ಕದ ಹೊಲಕ್ಕೆ ಸೋರುತ್ತಿತ್ತು. ಆ ಹೊಲದವನೊಡನೆ ನೀರಿಗಾಗಿಯೇ ಜಗಳವಾಡಿ ಅತ್ತೆ ಮಾತು ಬಿಟ್ಟಿದ್ದರು. ನಾನು ಬಿಲಕ್ಕೆ ಕೀಟನಾಶಕದ ಪುಡಿ ಸುರಿಯಲು ಹೊರಟೆ. ಅತ್ತೆ ತಡೆದು, ಬಿಲಕ್ಕೆ ಕೈ ಹಾಕಿ, ಏಡಿಯನ್ನು ಎಳೆದು ಅಂಗಾತ ಹಿಡಿದರು. ಅಬ್ಬಾ! ಹೊಟ್ಟೆಯ ಮಡಿಕೆಯೊಳಗೆ ಸಾಸಿವೆಯಷ್ಟು ಮರಿಗಳು, ಎಲ್ಲವೂ ಕಾಲಾಡಿಸುತ್ತಿದ್ದವು! ನಾನು ಕುಣಿದೇಬಿಟ್ಟೆ.

"ಹುಚ್ಚಿ, ಬಾಣಂತೀನ ಯಾರರ ಮನಿ ಬಿಡಸ್ತಾರೇನು?" ಎಂದು ಅತ್ತೆ ಅದನ್ನು ಮೆಲ್ಲಗೆ ಬಿಲಕ್ಕೇ ಬಿಟ್ಟರು.

"ನೀರು ಹೋಗಾಕತ್ತೈತಲ್ರಿ?" ಎಂದೆ.

ಅತ್ತೆ ಪಕ್ಕದ ಹೊಲದತ್ತ ನೋಡಿ ಹಲ್ಲು ಕಡಿದರು.

"ಇವತ್ತೊಂದಿನ ಆ ಭಾಡ್ಯಾನ ಕಬ್ಬೂ ಕುಡೀಲಿ!"