ತುಕ್ಕಿಗೂ ಟಿಕೆಟ್

ಕಳೆದ ಭಾನುವಾರ ಒಂದು ಮ್ಯೂಸಿಯಂ ಗೇಟಿನಲ್ಲಿ ಸೆಕ್ಯುರಿಟಿಯವರು ನನ್ನ ಸೋದರಮಾವ ಶಿವಲಿಂಗಪ್ಪನವರ ಕೈಚೀಲ ಬಿಚ್ಚಿಸಿದರು. ಒಳಗೆ ಏನಿತ್ತು ಹೇಳಿ? ಒಂದು ಡಬ್ಬಿ ರೆಡ್ ಆಕ್ಸೈಡ್ ಬಣ್ಣ, ಎರಡು ಬ್ರಷ್.

ಮಾವ ಮೂಡಲಗಿಯಲ್ಲಿ ಮೂವತ್ತು ವರ್ಷದಿಂದ ಕಬ್ಬು ಸಾಗಿಸುವ ಟ್ರೇಲರ್ ಮಾಡುವವರು. ತುಕ್ಕು ತಡೆಯುವ ಈ ಬಣ್ಣ ಬಳಿಯದ ಕಬ್ಬಿಣ ಅವರ ವೆಲ್ಡಿಂಗ್ ಶೆಡ್ಡಿನಿಂದ ಹೊರಬೀಳುವುದಿಲ್ಲ. ಅಂಥವರಿಗೆ ಹುಕ್ಕೇರಿ ಕಡೆ ಹೈವೇ ಪಕ್ಕ ಹೊಸದಾಗಿ ಆದ ಈ ಖಾಸಗಿ ಮ್ಯೂಸಿಯಂನವರು ಒಂದು ಕೆಲಸ ಕೊಟ್ಟಿದ್ದರು. ಯಾರೋ ಕಲಾವಿದರ ಡ್ರಾಯಿಂಗ್ ನೋಡಿ ಉಕ್ಕಿನ ಶಿಲ್ಪ ಮಾಡಿಕೊಡಬೇಕು, ಬಣ್ಣ ಮಾತ್ರ ಹಚ್ಚಬಾರದು. ಬಣ್ಣದ ಕೆಲಸ ಅವರೇ ಮಾಡಿಸುತ್ತಾರೆ ಅಂತ ಮಾವ ತಿಳಿದರು. ಮ್ಯೂಸಿಯಂನವರು ಮಾಡಿದ್ದು ಬೇರೆ. ಒಂದು ಮಳೆಗಾಲ ಪೂರ್ತಿ ಅದನ್ನು ಬಯಲಲ್ಲಿ ನೆನೆಯಲು ಬಿಟ್ಟರು, ತುಕ್ಕು ಬರಲಿ ಅಂತ. (ನಮ್ಮ ಮನೆ ಗೇಟಿಗೂ ಬಂದಿದೆ. ಇದುವರೆಗೆ ಯಾರೂ ಟಿಕೆಟ್ ತಗೊಂಡು ನೋಡಿಲ್ಲ.) ವಾಟ್ಸ್ಯಾಪಿನಲ್ಲಿ ಅದರ ಫೋಟೋ ನೋಡಿದ್ದೇ ತಡ, ಮಾವ ಗೋಕಾಕದಲ್ಲಿ ನನ್ನನ್ನೂ ಗಾಡಿಗೆ ಹತ್ತಿಸಿಕೊಂಡು ಹೊರಟುಬಿಟ್ಟರು.

ಡಬ್ಬಿ ಇಟ್ಟುಕೊಂಡು ನಮ್ಮನ್ನು ಒಳಗೆ ಬಿಟ್ಟರು. ಇಪ್ಪತ್ತಡಿ ಎತ್ತರದ ಎರಡು ಉಕ್ಕಿನ ಗೋಡೆಗಳು ಒಂದರ ಕಡೆಗೊಂದು ವಾಲಿ ನಿಂತಿವೆ. ನಡುವೆ ಒಬ್ಬರು ಹೋಗುವಷ್ಟು ದಾರಿ. ಬೋರ್ಡಿನಲ್ಲಿ 'ಶೂನ್ಯದ ಭಾರ' ಅಂತ ಬರೆದಿತ್ತು. ಶೂನ್ಯಕ್ಕೆ ಭಾರ ಇದೆಯೋ ಇಲ್ಲವೋ, ಕೆಳಗಿನ ವಿವರಣೆಗಂತೂ ಕ್ವಿಂಟಲ್ ಲೆಕ್ಕದಲ್ಲಿತ್ತು. ನಗುತ್ತಲೇ ಒಳಹೊಕ್ಕೆ. ನಾಲ್ಕು ಹೆಜ್ಜೆಗೆ ನಗು ನಿಂತಿತು. ಗೋಡೆ ಮೈಮೇಲೆ ಬರುವ ಹಾಗೆ, ನಾನೇ ಓರೆಯಾಗಿ ನಡೆಯುತ್ತಿರುವ ಹಾಗೆ. ಹೈವೇ ಸದ್ದೂ ಕೇಳಲಿಲ್ಲ. ಹೆದರಿಕೆಯಾಯಿತು, ಆದರೆ ಹೊರಗೆ ಬರಲು ಮನಸ್ಸಾಗಲಿಲ್ಲ. ನಿಜ ಹೇಳುತ್ತೇನೆ, ಬಹಳ ಚಂದ ಇತ್ತು.

ಹೊರಬಂದು ನೋಡಿದರೆ ಮಾವ ಧೋತರದ ತುದಿಯಿಂದ ಗೋಡೆ ತಿಕ್ಕುತ್ತಿದ್ದಾರೆ.

"ಸರ್, ಮುಟ್ಟಬೇಡಿ. ತುಕ್ಕೇ ಇದರ ಸೌಂದರ್ಯ," ಅಂತ ಮ್ಯೂಸಿಯಂನ ಕ್ಯುರೇಟರ್ ಓಡಿ ಬಂದರು. ಆಮೇಲೆ ಮಾವನ ಗುರುತು ಹತ್ತಿ, ಖುಷಿಯಿಂದ ಬೋರ್ಡಿನ ಕೊನೆಯ ಸಾಲು ತೋರಿಸಿದರು. 'ನಿರ್ಮಾಣ: ಶಿವಲಿಂಗಪ್ಪ, ಮೂಡಲಗಿ.'

ಮಾವನ ಮುಖ ಇಳಿದುಹೋಯಿತು. "ಸಾಹೇಬ್ರ, ಕೈ ಮುಗಿತೇನಿ, ಆ ಹೆಸರು ಅಳಿಸ್ರಿ. ನಾಳಿ ನಾಗನೂರಾಗಿನ ಗಿರಾಕಿ ಬಂದು ನೋಡಿದ್ರ ಏನಂತಾರ? ಶಿವಲಿಂಗಪ್ಪನ ಮಾಲು ತುಕ್ಕ ಹಿಡಿತೈತಿ ಅನ್ನಂಗಿಲ್ಲೇನ್ರಿ?"

"ಹೆಸರು ಹಾಕಿಲ್ಲ ಅಂತ ಜಗಳಕ್ಕೆ ಬರೋರನ್ನ ನೋಡಿದೀನಿ ಸರ್. ನೀವು ನೋಡಿದ್ರೆ..."

ನಾನೂ ಬಾಯಿ ಹಾಕಿದೆ. "ಮಾವಾ, ಒಳಗ ಹೋಗಿ ನೋಡ್ರಿ, ಎಷ್ಟು ಚಂದ ಐತಿ."

"ಚಂದ ಐತಿ ಅನ್ನೂದು ನನಗ ಗೊತ್ತಿಲ್ಲೇನವಾ? ಮಾಡಿದಾಂವ ನಾನ. ಆದ್ರ ತುಕ್ಕ ಹಿಡಿದದ್ದರ ಮ್ಯಾಲ ನನ್ನ ಹೆಸರು ಬ್ಯಾಡ."

ಕೊನೆಗೆ ಅಲ್ಲೇ ಒಂದು ಬಿಳಿ ಹಾಳೆ ಕೇಳಿ, ಹೆಸರು ಅಳಿಸಿ ಅಂತ ಅರ್ಜಿ ಬರೆಸಿದರು. ಬರೆದವಳು ನಾನು, ಸಹಿ ಅವರದು.

ನಮ್ಮ ಊರೂರಲ್ಲೂ ನೋಡಿ, ಮೊದಲ ಮಳೆಗೇ ಸೋರುವ ಸಮುದಾಯ ಭವನ, ನೀರು ತುಂಬಿಸಿದ ದಿನವೇ ಬಿರುಕು ಬಿಟ್ಟ ಟಾಕಿ. ಎಲ್ಲದರ ಮುಂದೂ ಕಲ್ಲಿನ ಮೇಲೆ ಕೆತ್ತಿಸಿದ ಹೆಸರುಗಳ ಸಾಲು. ಅವರಲ್ಲಿ ಒಬ್ಬರಾದರೂ ಹೀಗೊಂದು ಅರ್ಜಿ ಕೊಟ್ಟಿದ್ದನ್ನು ನೀವು ಕೇಳಿದ್ದೀರಾ?