ಎಡಗಡೆಯ ಕೆಂಪು

ಎವಾಲ್ಡ್ ಪ್ರೆಲ್ ಅರ್ಧ ಆಯುಷ್ಯವನ್ನು ಪಿಂಗಾಣಿ ತಟ್ಟೆಗಳ ಮೇಲೆ ಎಲೆಬಳ್ಳಿ ಅಂಟಿಸುತ್ತಲೇ ಕಳೆದವನು. ನೀರಲ್ಲಿ ನೆನೆದ ಹಾಳೆಯಿಂದ ಚಿತ್ರವನ್ನು ಮೆಲ್ಲಗೆ ಜಾರಿಸಿ ತಟ್ಟೆಯ ಅಂಚಿಗೆ ಕೂರಿಸಬೇಕು, ರಬ್ಬರಿನ ತುಂಡಿನಿಂದ ಒತ್ತಿ ಅಡಿಯಲ್ಲಿದ್ದ ನೀರನ್ನೆಲ್ಲ ಹೊರಗೆ ತಳ್ಳಬೇಕು. ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ಕಾರ್ಖಾನೆಯವರು ಅವನನ್ನು ನ್ಯೂರೆಂಬರ್ಗಿಗೆ ತರಬೇತಿಗೆ ಕಳಿಸಿದರು. ತಿರುಗಿ ಬಂದವನನ್ನು ವಿಂಗಡಣೆಯ ಕೋಣೆಯ ಬಾಗಿಲ ಪಕ್ಕ, ಗಾಜಿನ ಗೂಡಿನಂಥ ಜಾಗದಲ್ಲಿ ಒಂದು ಪರದೆಯ ಮುಂದೆ ಕೂರಿಸಿದರು. ಕ್ಯಾಮೆರಾಗೆ ತಟ್ಟೆಯನ್ನು ಗುರುತಿಸಲು ಕಲಿಸುವುದು ಈಗ ಅವನ ಕೆಲಸ.

ಕಲಿಸುವ ರೀತಿ ಹೀಗೆ. ಊನವಿಲ್ಲದ ಒಂದು ತಟ್ಟೆಯ ಚಿತ್ರ ತೆಗೆದು, ಇಂಥದ್ದೇ ಸರಿ ಎಂದು ಯಂತ್ರಕ್ಕೆ ಹೇಳಿಕೊಡಬೇಕು. ಆದರೆ ಆ ಚಿತ್ರದಲ್ಲಿ ತಟ್ಟೆಯ ಜೊತೆಗೆ ಬೇಡದ್ದೂ ಇರುತ್ತದೆ. ಮೆರುಗಿನ ಮೇಲೆ ಬಿದ್ದ ದೀಪದ ಹೊಳಪು, ತಟ್ಟೆಗಳು ಸಾಗುವ ಪಟ್ಟಿಯ ನೆರಳು, ಆ ಕ್ಷಣಕ್ಕೆ ಬಂದು ಕೂತ ಒಂದು ಧೂಳಿನ ಕಣ. ಅದನ್ನು ಹಾಗೇ ಬಿಟ್ಟರೆ ಯಂತ್ರ ಧೂಳನ್ನೂ ಕಲಿತುಬಿಡುತ್ತದೆ, ನಾಳೆ ಧೂಳಿಲ್ಲದ ತಟ್ಟೆ ಬಂದರೆ ಕೆಟ್ಟಿದೆ ಎಂದು ತಳ್ಳುತ್ತದೆ. ಅದಕ್ಕಾಗಿ ಎವಾಲ್ಡ್ ಅಂಥ ಜಾಗಗಳ ಮೇಲೆ ಪರದೆಯಲ್ಲೇ ಕೆಂಪು ಬಳಿಯುತ್ತಿದ್ದ. ಒಂದು ಎಲೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವಷ್ಟು ಚಿತ್ರವನ್ನು ಹಿಗ್ಗಿಸಿ, ಅಂಚು ಮೀರದಂತೆ ಬಳಿದು, ಮೀರಿದ್ದನ್ನು ಅಳಿಸುತ್ತಿದ್ದ. ತರಬೇತಿಯಲ್ಲಿ ಅದನ್ನು ಮಾಸ್ಕ್ ಎಂದು ಕರೆದಿದ್ದರು. ಕಾರ್ಖಾನೆಯ ಹೆಂಗಸರು ಎವಾಲ್ಡನ ಕೆಂಪು ಎನ್ನುತ್ತಿದ್ದರು. ಕೆಂಪು ಬಿದ್ದ ಜಾಗ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.

ಗಾಜಿನಾಚೆ, ವಿಂಗಡಣೆಯ ಮೇಜಿನ ಮೊದಲ ಜಾಗದಲ್ಲಿ ಅವನ ಹೆಂಡತಿ ಗೆರ್ಲಿಂಡೆ ಕೂರುತ್ತಿದ್ದಳು. ಒಲೆಯಿಂದ ಬಂದ ತಟ್ಟೆಯನ್ನು ಎತ್ತಿ, ಬೆರಳ ಗೆಣ್ಣಿನಿಂದ ಒಮ್ಮೆ ಬಡಿದು ನಾದ ಕೇಳಿ, ಅಂಚಿನ ಸುತ್ತ ಹೆಬ್ಬೆರಳು ಓಡಿಸಿ, ಒಂದೇ ನೋಟಕ್ಕೆ ದರ್ಜೆ ಹೇಳುತ್ತಿದ್ದಳು. ಬಳ್ಳಿಯ ಎರಡು ತುದಿ ಕೂಡುವ ಕಡೆ ನೀಲಿ ರಿಬ್ಬನ್ನಿನ ಗಂಟು ಇರುತ್ತದೆ. ಆ ಗಂಟನ್ನು ಸದಾ ಹೊಟ್ಟೆಯ ಕಡೆಗೆ ಹಿಡಿಯಬೇಕು ಎಂಬುದು ಆ ಮೇಜಿನ ಹಳೆಯ ಕಟ್ಟಳೆ. ಹಾಗೆ ಹಿಡಿದರೆ ತಟ್ಟೆಯನ್ನು ತಿರುಗಿಸದೆಯೇ ಒಂದೇ ನೋಟದಲ್ಲಿ ಮುಗಿಸಬಹುದು. ತಿರುಗಿಸಿ ನೋಡುವವರನ್ನು ಹೊಸಬರೆಂದು ನಗುತ್ತಿದ್ದರು.

ಕ್ಯಾಮೆರಾ ಬಂದ ವರ್ಷ, ಈಸ್ಟರ್ ಕಳೆದ ಮೇಲೆ ಪರೀಕ್ಷೆ ಶುರುವಾಯಿತು. ಹೆಂಗಸರು ನೋಡಿ, ಗಂಟು ಅದೇ ಕಡೆ ಇರುವಂತೆ ಪಟ್ಟಿಯ ಮೇಲೆ ಬಿಟ್ಟ ತಟ್ಟೆಗಳನ್ನೇ ಕ್ಯಾಮೆರಾವೂ ನೋಡುವುದು, ಇಬ್ಬರ ಮಾತು ಕೂಡದ ತಟ್ಟೆಗಳನ್ನು ಒಂದು ಗಾಡಿಯಲ್ಲಿ ಬೇರೆ ಇಡುವುದು. ಪರೀಕ್ಷೆ ಮುಗಿದರೆ ಚಪ್ಪಟೆ ಪಾತ್ರೆಯೆಲ್ಲ ಕ್ಯಾಮೆರಾ ಪಾಲಿಗೆ ಹೋಗುತ್ತದೆ, ಮೇಜಿನಲ್ಲಿ ಇಬ್ಬರಿಗೆ ಮಾತ್ರ ಜಾಗ ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಒಂದು ಜಾಗ ಗೆರ್ಲಿಂಡೆಯದು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳ ಪಿಂಚಣಿಗೆ ಇನ್ನೆರಡೇ ಚಳಿಗಾಲ ಬಾಕಿ.

ಮೇಸ್ತ್ರಿ ಝೈಡೆಲ್ ಮೊದಲ ದಿನವೇ ಎವಾಲ್ಡನ ಗೂಡಿಗೆ ತಲೆ ಹಾಕಿ ಹೇಳಿದ್ದ: "ಗೆರ್ಲಿಂಡೆ ಒಂದನೇ ದರ್ಜೆ ಅಂದ್ರೆ ಅದು ಒಂದನೇ ದರ್ಜೆ. ಕ್ಯಾಮೆರಾ ಬೇರೆ ಏನಾದ್ರೂ ಅಂದ್ರೆ, ಕ್ಯಾಮೆರಾಗೆ ಬುದ್ಧಿ ಹೇಳು."

ಪಕ್ಕದ ಜಾಗದ ಹಾನೆಲೋರೆ ಇದನ್ನು ಕೇಳಿಸಿಕೊಂಡು, "ಮನೇಲಿ ಹೆಂಡ್ತಿ ಮಾತು ಕೇಳೋದು ಸಾಲ್ದು ಅಂತ ಇಲ್ಲೂ ಶುರು ಮಾಡಿದ್ಯಲ್ಲೋ ಎವಾಲ್ಡ್," ಎಂದಳು.

"ಇಲ್ಲಾದ್ರೆ ಅದಕ್ಕೆ ಸಂಬಳ ಕೊಡ್ತಾರೆ," ಎಂದ ಅವನು. ಗೆರ್ಲಿಂಡೆ ತಟ್ಟೆಯಿಂದ ತಲೆಯೆತ್ತದೆ ನಕ್ಕಳು.

ಮೊದಲ ವಾರದ ಗಾಡಿಯಲ್ಲಿದ್ದ ತಟ್ಟೆಗಳಲ್ಲಿ ಒಂದು ಸಾಮ್ಯವಿತ್ತು. ಗೆರ್ಲಿಂಡೆ ಒಳ್ಳೆಯದೆಂದು ಬಿಟ್ಟಿದ್ದನ್ನು ಕ್ಯಾಮೆರಾ ತಳ್ಳಿತ್ತು, ತಳ್ಳಿದ ಕಾರಣ ಬಹುತೇಕ ಎಡ ಅಂಚಿನಲ್ಲೇ ಇತ್ತು. ಎವಾಲ್ಡ್ ಪರದೆಯ ಮೇಲೆ ಚಿತ್ರಗಳನ್ನು ನೋಡಿದ. ಎಡಗಡೆಯ ಎಲೆಗಳ ನಡುವೆ ಬಿಳಿ ತೇಪೆಯಂಥದ್ದು ಕಾಣುತ್ತಿತ್ತು. ಹೊಳಪು ಬಿದ್ದಿದೆ ಎಂದುಕೊಂಡ. ಎದ್ದು ಹೋಗಿ ತಟ್ಟೆಯನ್ನು ಕೈಗೆ ತೆಗೆದುಕೊಳ್ಳಬೇಕೆಂದು ಅವನಿಗೆ ತೋಚಲೇ ಇಲ್ಲ. ಗೆರ್ಲಿಂಡೆಯ ಕೈ ದಾಟಿ ಬಂದದ್ದನ್ನು ಇನ್ನೊಮ್ಮೆ ನೋಡುವುದು ಆ ಕಾರ್ಖಾನೆಯಲ್ಲಿ ಯಾರೂ ಮಾಡದ ಕೆಲಸ. ಹೆಬ್ಬೆರಳಿನಷ್ಟು ಜಾಗಕ್ಕೆ ಕೆಂಪು ಬಳಿದು, ಯಂತ್ರಕ್ಕೆ ಮತ್ತೆ ಪಾಠ ಹೇಳಿ ಮನೆಗೆ ಹೋದ.

ಮುಂದಿನ ವಾರ ತಕರಾರು ಆ ಕೆಂಪಿನ ಅಂಚಿನಾಚೆಗೆ ಎದ್ದಿತು. ಅದನ್ನೂ ಮುಚ್ಚಿದ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದ ಮುಂಚಿನ ಶುಕ್ರವಾರ ಮತ್ತೆ ಹಾಗೇ ಆದಾಗ, ದೀಪ ಜರುಗಿರಬೇಕು ಎಂದು ಎದ್ದು ನೋಡಿದ. ದೀಪ ಇದ್ದಲ್ಲೇ ಇತ್ತು. ಗಾಡಿಯಿಂದ ಒಂದು ತಟ್ಟೆ ತೆಗೆದುಕೊಂಡು ಕಿಟಕಿಯ ಬಳಿ ಹಿಡಿದ.

ಒಂದು ಎಲೆ ಅರ್ಧಕ್ಕೆ ಹರಿದಿತ್ತು. ಅಡಿಯ ಬಿಳಿ ಪಿಂಗಾಣಿ ಕಾಣುತ್ತಿತ್ತು. ಮೇಲೆ ಮೆರುಗು ಕರಗಿ ಹರಡಿ ಗಟ್ಟಿಯಾಗಿದ್ದರಿಂದ ಬೆರಳಿಗೆ ಏನೂ ತಾಗುತ್ತಿರಲಿಲ್ಲ. ಬಡಿದರೆ ನಾದವೂ ಶುದ್ಧ. ಕಣ್ಣಿಗೆ ಮಾತ್ರ ಸಿಗುವ ಊನ, ಅದೂ ದಾರಿಯಲ್ಲಿ ಹೋಗುವವನಿಗೂ ಕಾಣುವಂಥದ್ದು. ಇನ್ನೊಂದನ್ನು ತೆಗೆದ, ಮತ್ತೊಂದನ್ನು ತೆಗೆದ. ಒಂದರಲ್ಲಿ ಕಪ್ಪು ಚುಕ್ಕೆ, ಒಂದರಲ್ಲಿ ಎಲೆಯೇ ಇಲ್ಲ. ಗಂಟನ್ನು ಹೊಟ್ಟೆಗೆ ಹಿಡಿದರೆ ಎಲ್ಲವೂ ಎಡಕ್ಕೆ.

ಆ ಭಾನುವಾರ ಊಟಕ್ಕೆ ಗೆರ್ಲಿಂಡೆ ಆಲೂಗೆಡ್ಡೆಯ ಉಂಡೆ ಮಾಡಿದ್ದಳು. ಆ ಊರಿನಲ್ಲಿ ಯಾರ ಮನೆಯಲ್ಲೂ ಒಂದನೇ ದರ್ಜೆಯ ತಟ್ಟೆ ಇರುವುದಿಲ್ಲ. ಕಾರ್ಖಾನೆಯಲ್ಲಿ ತಳ್ಳಿದ್ದರಲ್ಲೇ ಎಲ್ಲರೂ ಉಣ್ಣುತ್ತಾರೆ, ಯಾವ ಊನದ ತಟ್ಟೆ ಯಾರದೆಂದು ಮನೆಯವರಿಗೆ ಗೊತ್ತಿರುತ್ತದೆ. ಗೆರ್ಲಿಂಡೆ ಹಸಿರು ಕಲೆಯ ತನ್ನ ತಟ್ಟೆಯನ್ನು ಗುರುತಿಸದೆ ಅವನ ಮುಂದಿಟ್ಟು, ಅವನದನ್ನು ತಾನಿಟ್ಟುಕೊಂಡಳು. ಸಾರು ಬಡಿಸುವಾಗ ಸೌಟು ತಟ್ಟೆಯ ಎಡ ಅಂಚಿಗೆ ತಾಗಿ ಮೇಜಿನ ಬಟ್ಟೆಯ ಮೇಲೆ ಚೆಲ್ಲಿತು. ಇತ್ತೀಚೆಗೆ ಅವಳ ಎಡ ಭುಜ ಬಾಗಿಲಿಗೆ ಬಡಿಯುತ್ತಿದ್ದುದು, ಅದಕ್ಕೆ ತಾನು ನಕ್ಕದ್ದು ಎವಾಲ್ಡನಿಗೆ ನೆನಪಾಯಿತು.

ಊಟದ ನಡುವೆ, ಕನ್ನಡಕ ಬದಲಾಯಿಸುವುದು ಒಳ್ಳೆಯದೇನೋ ಎಂದು ಸುಮ್ಮನೆ ಮಾತು ತೆಗೆದ. ಈಸ್ಟರಿಗೆ ಮುಂಚೆಯಷ್ಟೇ ಕನ್ನಡಕದ ಅಂಗಡಿಗೆ ಹೋಗಿದ್ದೆ, ಗೋಡೆಯ ಮೇಲಿನ ಅಕ್ಷರವನ್ನೆಲ್ಲ ಕೊನೆಯ ಸಾಲಿನವರೆಗೆ ಓದಿದೆ ಎಂದಳು ಅವಳು. ಆಮೇಲೆ ಚಮಚ ಕೆಳಗಿಟ್ಟು ಕೇಳಿದಳು: "ಯಾಕೆ, ನಿನ್ನ ಕ್ಯಾಮೆರಾ ನನ್ನ ಮೇಲೆ ಚಾಡಿ ಹೇಳ್ತಾ?"

"ಅದಕ್ಕೆಲ್ಲಿ ಬಾಯಿ," ಎಂದ ಎವಾಲ್ಡ್.

ಅವಳು ನಕ್ಕಳು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವಳ ವಯಸ್ಸಿನಲ್ಲಿ ಕಣ್ಣು ಸ್ವಲ್ಪ ಸೋಲುವುದು ಸಹಜ, ಎರಡು ಚಳಿಗಾಲ ಹೇಗೋ ಕಳೆದರೆ ತಲೆಯೆತ್ತಿಕೊಂಡೇ ಮೇಜಿನಿಂದ ಏಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ. ಕಾಯಿಲೆ ಎಂಬ ಮಾತು ಅವನ ಮನಸ್ಸಿಗೆ ಬರಲೇ ಇಲ್ಲ, ಅಥವಾ ಬರಲು ಅವನು ಬಿಡಲಿಲ್ಲ.

ಅಲ್ಲಿಂದ ಮುಂದೆ ತಿಳಿದೂ ತಿಳಿದೂ ಮುಚ್ಚಿದ. ಬೆಳಿಗ್ಗೆ ಬೇಗ ಬಂದು ಗಾಡಿಯಲ್ಲಿದ್ದ, ಎಡ ಅಂಚಿನಲ್ಲಿ ಊನವಿದ್ದ ತಟ್ಟೆಗಳನ್ನು ತಾನೇ ತೆಗೆದು ಎರಡನೇ ದರ್ಜೆಗೆ ಹಾಕುತ್ತಿದ್ದ. ಆಮೇಲೆ ಪರದೆಯ ಮುಂದೆ ಕೂತು ಕೆಂಪನ್ನು ಇನ್ನಷ್ಟು ಹಿಗ್ಗಿಸುತ್ತಿದ್ದ. ಜುಲೈ ಹೊತ್ತಿಗೆ ಅದು ಎಡ ಅಂಚನ್ನೆಲ್ಲ ನುಂಗಿ ನಡುವಿನತ್ತ ಹೊರಳಿತ್ತು. ಬಳಿಯುವಾಗ ಅವನ ಕೈ ಎಂದಿನಂತೆ ಅಚ್ಚುಕಟ್ಟಾಗಿಯೇ ಓಡುತ್ತಿತ್ತು, ಒಂದು ಎಲೆಯೂ ಹೆಚ್ಚಿಲ್ಲ, ಒಂದು ಎಲೆಯೂ ಕಡಿಮೆಯಿಲ್ಲ. ಅವಳಿಗೆ ಎಲ್ಲಿಯವರೆಗೆ ಕಾಣುತ್ತಿಲ್ಲವೋ ಅಲ್ಲಿಯವರೆಗೆ ಮಾತ್ರ.

ಪರೀಕ್ಷೆಯ ಕೊನೆಯ ದಿನ ಕ್ಯಾಮೆರಾ ಮಾರಿದ ಕಂಪನಿಯಿಂದ ಇವೋನೆ ಬೆಟ್ಸ್ ಎಂಬ ತಂತ್ರಜ್ಞೆ ಬಂದಳು. ಗೆರ್ಲಿಂಡೆ ಗಸಗಸೆಯ ಕೇಕ್ ಮಾಡಿ ತಂದಿದ್ದಳು. ಎಲ್ಲರೂ ಕಾಫಿ ಹಿಡಿದು ನಿಂತಿದ್ದಾಗ ಬೆಟ್ಸ್ ತಟ್ಟೆಯ ಚಿತ್ರವನ್ನು ಗೋಡೆಯ ಮೇಲಿನ ದೊಡ್ಡ ಪರದೆಗೆ ಹಾಕಿದಳು. ಹಸಿರು ಬಳ್ಳಿ, ನೀಲಿ ಗಂಟು, ಎಡಕ್ಕೆ ನಾಲಿಗೆ ಚಾಚಿದಂತೆ ಕೆಂಪು.

ಇಷ್ಟೊಂದು ಯಾಕೆ ಎಂದು ಅವಳು ಕೇಳಿದಳು. ಹೊಳಪು ಬೀಳುತ್ತದೆ ಎಂದ ಎವಾಲ್ಡ್.

"ಅಲ್ಲಿ ಹೊಳಪು ಬೀಳಲ್ಲ ಎವಾಲ್ಡ್," ಎಂದಳು ಗೆರ್ಲಿಂಡೆ. ದನಿಯಲ್ಲಿ ಗದರಿಕೆಯಿರಲಿಲ್ಲ. ಗಂಡ ಏನೋ ಮರೆತಿದ್ದಾನೆ, ನೆನಪಿಸೋಣ ಎಂಬಂತೆ ಹೇಳಿದಳು. "ದೀಪ ಇರೋದು ಬಲಕ್ಕೆ. ಎಡಕ್ಕೆ ಹೊಳಪು ಹೇಗೆ ಬರತ್ತೆ?"

ಬೆಟ್ಸ್ ಕೆಂಪನ್ನು ಅಳಿಸಿ, ಬೆಳಿಗ್ಗೆ ಗೆರ್ಲಿಂಡೆ ಒಂದನೇ ದರ್ಜೆಗೆ ಬಿಟ್ಟಿದ್ದ ತಟ್ಟೆಗಳನ್ನು ಮತ್ತೆ ಕ್ಯಾಮೆರಾದ ಕೆಳಗೆ ಓಡಿಸಿದಳು. ಐದಾರು ತಟ್ಟೆಗೊಮ್ಮೆ ಯಂತ್ರ ತಳ್ಳಿತು. ತಳ್ಳಿದ್ದರಲ್ಲಿ ಒಂದನ್ನು ಗೆರ್ಲಿಂಡೆ ಎತ್ತಿಕೊಂಡಳು. ಬಡಿದಳು, ಅಂಚಿಗೆ ಹೆಬ್ಬೆರಳು ಓಡಿಸಿದಳು, ಗಂಟನ್ನು ಹೊಟ್ಟೆಗೆ ಹಿಡಿದು ನೋಡಿದಳು.

"ಚೆನ್ನಾಗೇ ಇದೆಯಲ್ಲ," ಎಂದಳು.

ಸುತ್ತ ನಿಂತವರೆಲ್ಲರಿಗೂ ಹರಿದ ಎಲೆ ಕಾಣುತ್ತಿತ್ತು. ಝೈಡೆಲ್ ಕಾಫಿಯೊಳಗೆ ನೋಡುತ್ತ ನಿಂತ. ಕಡೆಗೆ ಹಾನೆಲೋರೆ ಹತ್ತಿರ ಬಂದು, ಗೆರ್ಲಿಂಡೆಯ ಕೈಯಲ್ಲಿದ್ದಂತೆಯೇ ಆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಹರಿದ ಎಲೆ ಬಲಕ್ಕೆ ಬಂತು.

ಗೆರ್ಲಿಂಡೆ ಅದನ್ನು ನೋಡಿದಳು. ತಟ್ಟೆಯನ್ನು ತಾನೇ ಹಿಂದಕ್ಕೆ ತಿರುಗಿಸಿದಳು. ಮತ್ತೆ ಮುಂದಕ್ಕೆ. ಹೊಸಬರು ಮಾಡುವ ಹಾಗೆ ಸುತ್ತ ತಿರುಗಿಸುತ್ತ ತಿರುಗಿಸುತ್ತ ನಿಂತಳು. ಆಮೇಲೆ ತಲೆಯೆತ್ತಿ ಗೋಡೆಯ ಮೇಲಿನ ಚಿತ್ರದ ಕಡೆ ನೋಡಿದಳು. ಅಲ್ಲಿಂದ ಗಂಡನ ಕಡೆಗೆ.

"ಯಾವಾಗಿಂದ ಗೊತ್ತು?"

"ಪೆಂಟೆಕೋಸ್ಟ್."

ತಟ್ಟೆಯನ್ನು ಎರಡನೇ ದರ್ಜೆಯ ಸಾಲಿಗೆ ಇಟ್ಟು, ಕೇಕಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು. ಹೋಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಝೈಡೆಲ್ ಹಿಂದೆಯೇ ಓಡಿ, ಬೇರೆ ಕಡೆ ಕೂರಬಹುದು, ಪ್ಯಾಕಿಂಗಿನಲ್ಲಿ ಜಾಗವಿದೆ ಎಂದೆಲ್ಲ ಹೇಳಿದ. ಅವಳು ಮತ್ತೆ ಆ ಮೇಜಿಗೆ ಬರಲಿಲ್ಲ.

ಹೋಫ್ ಪಟ್ಟಣದ ಕಣ್ಣಿನ ವೈದ್ಯೆ ಅರೆಗತ್ತಲೆಯ ಕೋಣೆಯಲ್ಲಿ ಅವಳನ್ನು ಬಹಳ ಹೊತ್ತು ಕೂರಿಸಿ ಪರೀಕ್ಷೆ ಮಾಡಿದಳು. ಕಣ್ಣೊಳಗಿನ ಒತ್ತಡ ಏರಿ ನರ ಸಾಯುತ್ತಿದೆ, ಎರಡರಲ್ಲೂ, ಎಡಗಣ್ಣಿನಲ್ಲಿ ಹೆಚ್ಚು ಎಂದಳು. ನೇರಕ್ಕೆ ಕಾಣುವುದರಿಂದ ಅಕ್ಷರ ಓದಲು ತೊಂದರೆಯಿರುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಹನಿ ಹಾಕಿದರೆ ಇದ್ದದ್ದು ಉಳಿಯಬಹುದು. ಹೋದದ್ದು ಬರುವುದಿಲ್ಲ.

"ಪೆಂಟೆಕೋಸ್ಟ್‌ಗೇ ಬಂದಿದ್ರೆ?" ಎಂದು ಗೆರ್ಲಿಂಡೆ ಕೇಳಿದಳು.

ವೈದ್ಯೆಗೆ ಆ ಪ್ರಶ್ನೆಯ ಹಿಂದಿನದು ಗೊತ್ತಿರಲಿಲ್ಲ. ಆಗ ಇದಕ್ಕಿಂತ ಹೆಚ್ಚು ಉಳಿದಿರುತ್ತಿತ್ತು, ಇವರದು ಬೇಗ ಏರುವ ಬಗೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎವಾಲ್ಡ್ ಪಕ್ಕದ ಕುರ್ಚಿಯಲ್ಲಿ ಅವಳ ಕೈಚೀಲ ಹಿಡಿದುಕೊಂಡು ಕೂತಿದ್ದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅವಳು ಕೋಟು ಬಿಚ್ಚದೆಯೇ ಅಡುಗೆಮನೆಯ ಮೇಜಿಗೆ ಕೂತು, ಒಂದು ತಟ್ಟೆ ತೆಗೆದುಕೊಂಡು ಮುಂದಿಟ್ಟಳು.

"ತೋರಿಸು," ಎಂದಳು. "ಎಲ್ಲಿಂದ ಎಲ್ಲಿವರೆಗೆ ಬಳಿದೆ ಅಂತ ತೋರಿಸು."

ಎವಾಲ್ಡ್ ಅವಳ ತೋರುಬೆರಳನ್ನು ಹಿಡಿದು ಅಂಚಿನ ಮೇಲೆ ಇಟ್ಟ. ಮೇಲಿನಿಂದ ಕೆಳಕ್ಕೆ, ಅಲ್ಲಿಂದ ನಡುವಿನವರೆಗೆ ನಿಧಾನವಾಗಿ ನಡೆಸಿದ.

"ಇದು ಈಗಿಂದು. ಮೊದಲು ಎಷ್ಟಿತ್ತು?"

ಅವನು ಹೆಬ್ಬೆರಳಗಲದ ಜಾಗ ತೋರಿಸಿದ.

"ಆಮೇಲೆ?"

ಬೆರಳನ್ನು ಸ್ವಲ್ಪ ಮುಂದೆ ನಡೆಸಿದ. ಆಮೇಲೆ, ಆಮೇಲೆ ಎಂದು ಅವಳು ಕೇಳುತ್ತಲೇ ಹೋದಳು, ಅವನು ತೋರಿಸುತ್ತಲೇ ಹೋದ. ಯಾವ ವಾರ ಎಲ್ಲಿಗೆ ಬಂದಿತ್ತು ಎನ್ನುವುದು ಅವನಿಗೆ ಎಲೆ ಎಲೆಯಾಗಿ ನೆನಪಿತ್ತು. ನಡುವಿಗೆ ಬಂದಾಗ ಅವಳು ಕೈ ಎಳೆದುಕೊಂಡಳು.

"ಬೆಳೆಯೋದನ್ನ ನೋಡ್ತಾ ಕೂತಿದ್ದೆ ನೀನು."

"ನಿನ್ನ ಜಾಗ ಹೋಗಬಾರ್ದು ಅಂತ ಮಾಡ್ದೆ. ಇನ್ನೆರಡು ಚಳಿಗಾಲ—"

"ನಾನು ಕೇಳಿದ್ನಾ? ಜಾಗ ಉಳಿಸು ಅಂತ ನಾನು ಯಾವತ್ತಾದ್ರೂ ನಿನ್ನ ಕೇಳಿದ್ನಾ?" ಅವಳ ದನಿ ಏರಲಿಲ್ಲ. "ಯಾರದೋ ತಟ್ಟೇಲಿ ಒಂದು ಚುಕ್ಕೆ ಇದ್ರೆ ನಾನು ಬಿಡಲ್ಲ ಅಂತ ನಿನಗೆ ಗೊತ್ತು. ನನ್ನದೇ ಇಷ್ಟು ದೊಡ್ಡದಿತ್ತು. ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಎವಾಲ್ಡ್ ತಟ್ಟೆ ಎತ್ತಿಕೊಂಡು ಹೋಗಿ ತೊಟ್ಟಿಯ ಬಳಿ ಇಟ್ಟ. ಅಂಗಳದಲ್ಲಿ ಸೌದೆ ಒಡೆಯುವುದಿತ್ತು. ಹೋಗೋಣವೆಂದು ಬಾಗಿಲು ತೆರೆದವನು ಹೋಗಲಾರದೆ ಮತ್ತೆ ಮುಚ್ಚಿದ. ಮೆಲ್ಲಗೆ ಬಂದು ಕಿಟಕಿಯ ಪಕ್ಕದ ಬೆಂಚಿನ ಮೇಲೆ, ಅವಳಿಂದ ಒಂದು ಕೈ ದೂರದಲ್ಲಿ ಕೂತ.

ಬಾಗಿಲ ಸದ್ದು ಕೇಳಿದ ಗೆರ್ಲಿಂಡೆ ಅವನು ಅಂಗಳಕ್ಕೆ ಹೋದನೆಂದುಕೊಂಡಳು. ಆಮೇಲೆ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅಳತೊಡಗಿದಳು. ಮದುವೆಯಾದಾಗಿನಿಂದ ಎವಾಲ್ಡ್ ಅಂಥ ಅಳು ಕೇಳಿರಲಿಲ್ಲ. ಉಸಿರು ಸಿಗದೆ ಅವಳ ಬೆನ್ನು ಮೇಲೇರಿ ಇಳಿಯುತ್ತಿತ್ತು. ಕೈ ತೆಗೆದು ಉಸಿರೆಳೆದುಕೊಂಡಾಗ ಅವಳ ಮುಖ ಅವನಿಗೆ ಪೂರ್ತಿ ಕಂಡಿತು, ಬಿಸಿಲಿನಲ್ಲಿ, ಒಂದೊಂದು ಸುಕ್ಕಿನ ಸಮೇತ. ಅವಳು ಮಾತ್ರ ಅವನನ್ನು ನೋಡಲಿಲ್ಲ. ಅವನು ಅವಳ ಎಡಕ್ಕೆ ಕೂತಿದ್ದ.

ಹೀಗೇ ಅಲುಗದೆ ಕೂತರೆ ಅವಳಿಗೆ ಗೊತ್ತೇ ಆಗುವುದಿಲ್ಲ. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಯಾರೂ ನೋಡಲಿಲ್ಲವೆಂದು ಎದ್ದು ಹೋಗುತ್ತಾಳೆ. ಎವಾಲ್ಡ್ ಉಸಿರು ಬಿಗಿಹಿಡಿದ.

"ಲಿಂಡೆ," ಎಂದ. "ನಾನು ಇಲ್ಲೇ ಇದೀನಿ."

ಅಳು ಅಲ್ಲಿಗೇ ನಿಂತಿತು. ಅವಳು ಬರೀ ಕಣ್ಣನ್ನಲ್ಲ, ಇಡೀ ಮೈಯನ್ನು ಎಡಕ್ಕೆ ತಿರುಗಿಸಿ ಅವನು ಕೂತಿದ್ದ ಜಾಗವನ್ನು ನೋಡಿದಳು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು.

"ಇನ್ಮೇಲೆ ಆ ಕಡೆ ಕೂತ್ಕೋಬೇಡ," ಎಂದಳು.

ಅವನು ಎದ್ದು, ಮೇಜನ್ನು ಸುತ್ತಿ ಬಂದು, ಅವಳ ಬಲಕ್ಕೆ ಒಂದು ಕುರ್ಚಿ ಎಳೆದುಕೊಂಡ. ಕೂರುವ ಹೊತ್ತಿಗೆ ಅವಳು ಎದ್ದಿದ್ದಳು. ಮುಂಗೈಯನ್ನು ಬಾಗಿಲ ಚೌಕಟ್ಟಿಗೆ ತಾಗಿಸಿ ಅಳತೆ ನೋಡಿಕೊಂಡು, ಭುಜ ಬಡಿಯದಂತೆ ಜಾಗ್ರತೆಯಾಗಿ ದಾಟಿ ಒಳಗೆ ಹೋದಳು.